ಒಂದು ಅಲಗಿಗೆ ಹದಿನೈದು ದಿನ

ನನಗೆ ಸಿಟ್ಟು ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಗಂಡ ಹೇಳುತ್ತಾರೆ, ಮಕ್ಕಳು ಹೇಳುತ್ತಾರೆ, ನಾನು ಶಾಲೆಯಲ್ಲಿ ಕಲಿಸಿದವರು ಈಗ ತಮ್ಮ ಮಕ್ಕಳಿಗೂ ಹೇಳುತ್ತಾರೆ. ನಾನು ಮಾತ್ರ ಒಪ್ಪುವುದಿಲ್ಲ. ಅದು ನನ್ನ ಸಿಟ್ಟೇ ಅಲ್ಲ! ನನ್ನ ಸೋದರಮಾವನ ಸಿಟ್ಟು ಅದು, ಅವನೇ ತನ್ನ ಕೈಯಾರೆ ನನಗೆ ಕೊಟ್ಟು ಹೋದದ್ದು. ಹೇಗೆ ಕೊಟ್ಟ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು, ಒಂದು ಕಿಸೆಚಾಕಿನ ಅಲಗು ಯಾವ ಆಕಾರದಲ್ಲಿ ಇರಬೇಕೆಂದು ತೀರ್ಮಾನಿಸಲು ಆ ಮನುಷ್ಯ ನನ್ನ ಆಯುಷ್ಯದ ಹದಿನೈದು ದಿನಗಳನ್ನು ಹೇಗೆ ತಿಂದು ಹಾಕಿದ ಎಂಬುದನ್ನು ಹೇಳಿಬಿಡಬೇಕು. ಇಲ್ಲದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ.

ಕಿಸೆಚಾಕು ಎಂದರೆ ಎಷ್ಟು ದೊಡ್ಡದು? ಮಡಚಿದರೆ ಬೆರಳುದ್ದ, ಬಿಡಿಸಿದರೆ ಗೇಣಿಗೂ ಕಡಿಮೆ. ಅದರಿಂದ ಪೆನ್ಸಿಲ್ ಹೆರೆಯಬಹುದು, ಲಿಂಬೆಹಣ್ಣು ಕೊಯ್ಯಬಹುದು, ಹುರಿ ಕತ್ತರಿಸಬಹುದು. ಅಂಗಡಿಗೆ ಹೋಗಿ "ಒಂದು ಚಾಕು ಕೊಡಿ" ಎಂದರೆ ಮುಗಿಯುವ ಕೆಲಸ. ಆದರೆ ನನ್ನ ಮಾವನಿಗೆ ಮುಗಿಯುವ ಕೆಲಸ ಎಂದರೆ ಆಗುತ್ತಿರಲಿಲ್ಲ.

ನಮ್ಮ ಮನೆ ತದಡಿಯಲ್ಲಿ, ಬೋಟುಗಳು ಬಂದು ನಿಲ್ಲುವ ಜಾಗದಿಂದ ಕೂಗಳತೆಯಲ್ಲಿ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡ. ಆಯಿ ನನ್ನನ್ನು ಕರೆದುಕೊಂಡು ತನ್ನ ಅಣ್ಣನ ಮನೆಗೆ ಬಂದಳು. ಆ ಅಣ್ಣನೇ ನನ್ನ ಮಾವ. ಮೂವತ್ತು ವರ್ಷ ಬೋಟಿನಲ್ಲಿ ತಾಂಡೇಲನಾಗಿದ್ದವನು, ಎಂದರೆ ಬೋಟು ನಡೆಸುವ ಯಜಮಾನ. ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಜಗಲಿಯಲ್ಲಿ ಕೂತು ಊರವರ ಬಲೆ ಸರಿಮಾಡುತ್ತಿದ್ದ. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ, ಅವನ ಜೊತೆ ಅರ್ಧ ಗಂಟೆ ಕೂತವರಿಗೆ ಅದು ತನ್ನಷ್ಟಕ್ಕೇ ಗೊತ್ತಾಗುತ್ತಿತ್ತು.

ಮಾವನಿಗೆ ಜಗಳ ಬೇಕು. ಮನುಷ್ಯರು ಸಿಗದಿದ್ದರೆ ರೇಡಿಯೋ ಆದರೂ ಆದೀತು. ರೇಡಿಯೋದವ ಹವಾಮಾನ ವರದಿಯಲ್ಲಿ ಸಮುದ್ರ ಶಾಂತವಾಗಿರುತ್ತದೆ ಎಂದರೆ, "ಎಂತಾ, ನೀ ಬಂದು ನೋಡಿದ್ಯಾ?" ಎಂದು ಕೇಳುತ್ತಿದ್ದ. ಅವ ಉತ್ತರ ಕೊಡದೆ ಮುಂದಿನ ಸುದ್ದಿಗೆ ಹೋದರೆ ಮಾವನಿಗೆ ಇನ್ನೂ ಸಿಟ್ಟು. "ಕೇಳಿದ್ದಕ್ಕೆ ಮಾತಾಡೂಕೆ ಬಾಯಿಲ್ಲ ಇವಂಗೆ" ಎಂದು ಕಿವಿ ಹಿಂಡಿ ಬಂದ್ ಮಾಡುತ್ತಿದ್ದ. ರೇಡಿಯೋದ ಕಿವಿ, ಮತ್ತೆ ಯಾರದ್ದು!

ಆದರೆ ಅವನ ನಿತ್ಯದ ಜಗಳ ನನ್ನ ಜೊತೆ. ಬೆಳಗಿನ ಚಾ ಹೊತ್ತಿಗೆ ಸುರುವಾಗುತ್ತಿತ್ತು. ಚಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದು ಅವನು, ನಿನಗೆ ನಾಲಿಗೆ ಇಲ್ಲ ಎಂದು ನಾನು. ಪಕ್ಕದ ಮನೆಯವರು ನಮ್ಮ ದನಿ ಕೇಳಿ ತಮ್ಮ ಮಕ್ಕಳನ್ನು ಎಬ್ಬಿಸುತ್ತಿದ್ದರು. ಒಮ್ಮೆ ನನಗೆ ಗಂಟಲು ಕಟ್ಟಿ ಎರಡು ದಿನ ಜಗಳ ಆಗಲಿಲ್ಲ. ಆ ಎರಡು ದಿನವೂ ಅವರ ಮಕ್ಕಳು ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡರು. ಅವರ ಅಜ್ಜಿ ನನಗೆ ಕಷಾಯ ಮಾಡಿ ತಂದುಕೊಟ್ಟದ್ದು ಪ್ರೀತಿಯಿಂದ ಎಂದು ನಾನು ಬಹಳ ಕಾಲ ನಂಬಿದ್ದೆ.

ಇಷ್ಟು ಜಗಳಗಂಟ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಬಹಳ ಮಡಿ. ಚಾಕು, ಕತ್ತಿ, ಕತ್ತರಿ ಯಾವುದನ್ನೂ ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಹತ್ತಿಕೊಳ್ಳುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಎಲ್ಲರೂ ಹೇಳುತ್ತಾರೆ, ಅವಸರದಲ್ಲಿ ಎಲ್ಲರೂ ಮರೆಯುತ್ತಾರೆ. ಮಾವ ಮರೆಯುತ್ತಿರಲಿಲ್ಲ. ನಾನು ಒಮ್ಮೆ ಮೀನು ಕೊಯ್ಯುವ ಕತ್ತಿಯನ್ನು ಅವನ ಕೈಗೇ ನೀಡಿದಾಗ ಹಾವು ಕಂಡವನ ಹಾಗೆ ಹಿಂದೆ ಹಾರಿದ.

"ದಿನಾ ಜಗಳ ಮಾಡೂದೇ ಮಾಡ್ತಿ. ಇದ್ರಿಂದ ಹೊಸತಾಗಿ ಎಂತಾ ಆಗೂದದೆ?" ಎಂದು ಕೇಳಿದೆ.

"ಬಾಯಿಂದ ಬಂದ ಜಗಳ ಊಟದ ಹೊತ್ತಿಗೆ ಮುಗೀತದೆ. ಚಾಕಿಂದ ಬಂದದ್ದು ಮುಗಿಯೂದಿಲ್ಲ. ಸತ್ತ ಮೇಲೂ ಮುಗಿಯೂದಿಲ್ಲ. ಕೆಳಗಿಡು" ಎಂದ. ನಾನು ಕೆಳಗಿಟ್ಟೆ. ಅವನು ಎತ್ತಿಕೊಂಡ. ಆಮೇಲೆ ಆ ಕತ್ತಿಗೆ ಸಾಣೆ ಸರಿ ಇಲ್ಲ ಎಂದು ಊಟದ ತನಕ ಜಗಳ ಮಾಡಿದ.

ಇಂಥವನ ಮನೆಗೆ ಎಪ್ಪತ್ತರ ದಶಕದಲ್ಲಿ ಒಂದು ದಿನ ನನ್ನ ಹೆಸರಿಗೆ ನೇಮಕಾತಿಯ ಆದೇಶ ಬಂತು. ಭಟ್ಕಳ ತಾಲೂಕಿನ ಕಾಯ್ಕಿಣಿ ಹತ್ತಿರದ ಪ್ರಾಥಮಿಕ ಶಾಲೆಗೆ ಮಾಸ್ತರಿಣಿ. ಹದಿನೈದು ದಿನಗಳ ಒಳಗೆ ಹಾಜರಾಗಬೇಕು, ಇಲ್ಲದಿದ್ದರೆ ಆದೇಶ ರದ್ದು. ನಮ್ಮ ಕೇರಿಯಲ್ಲಿ ನೌಕರಿ ಸಿಕ್ಕಿದ ಮೊದಲ ಹುಡುಗಿ ನಾನು. ಟ್ರೇನಿಂಗ್ ಮುಗಿಸಿ ಎರಡು ವರ್ಷ ಈ ಕಾಗದಕ್ಕಾಗಿ ಕಾದಿದ್ದೆ. ದಿನಾ ಅಂಚೆಯವನ ದಾರಿ ನೋಡಿ ನೋಡಿ, ಅವನೇ ನನ್ನನ್ನು ಕಂಡರೆ ಬೇರೆ ಓಣಿಯಲ್ಲಿ ಹೋಗುವಷ್ಟಾಗಿತ್ತು.

ಆಯಿ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅಳುಕಿದಳು. ಕುಮಟೆ ದಾಟಿ, ಹೊನ್ನಾವರ ದಾಟಿ, ಯಾರದ್ದೋ ಮನೆಯ ಒಂದು ಕೋಣೆಯಲ್ಲಿ ಹುಡುಗಿ ಒಬ್ಬಳೇ ಇರಬೇಕಲ್ಲ. "ಅಣ್ಣ ಹ್ಞೂಂ ಅಂದ್ರೆ ಹೋಗು, ಅವ ಬ್ಯಾಡ ಅಂದ್ರೆ ಇಲ್ಲ" ಎಂದು ಬಿಟ್ಟಳು. ನಮ್ಮ ಮನೆಯಲ್ಲಿ ಅದೇ ಕೊನೆಯ ಮಾತು.

ಮಾವ ಬಲೆಯ ಕಣ್ಣು ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ಹೋಗ್ಲಿ" ಎಂದ. ನಾನು ಹಾರಿ ಕುಣಿಯುವುದರೊಳಗೆ ಮುಂದಿನ ಮಾತು ಬಂತು. "ಒಬ್ಳೇ ಇರುವವ್ಳಿಗೆ ಒಂದು ಚಾಕು ಬೇಕು. ಅದಾಗದೇ ಹೋಗೂಕಿಲ್ಲ."

ಇಷ್ಟೇ ತಾನೆ? ಕುಮಟೆ ಪೇಟೆಯಲ್ಲಿ ಚಾಕು ಸಿಗುವುದಿಲ್ಲವೇ? ನಾಳೆಯೇ ತರೋಣ ಎಂದೆ.

"ಯಾವ ಅಲಗಿನದ್ದು?" ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಗೊತ್ತಾಗದೆ ನಾನು ಬಾಯಿ ತೆರೆದು ನಿಂತೆನಲ್ಲ, ಅದೇ ತಪ್ಪಾಯಿತು. ಯಾವುದಾದರೂ ಒಂದು ಹೆಸರು ಹೇಳಿ ಪಾರಾಗಬಹುದಿತ್ತು. ಇವತ್ತಿಗೂ ಅದನ್ನು ನೆನೆದು ನನ್ನನ್ನೇ ಬೈದುಕೊಳ್ಳುತ್ತೇನೆ.

ಮರುದಿನ ನಾನು ಏಳುವ ಹೊತ್ತಿಗೆ ಜಗಲಿಯಲ್ಲಿ ನಾಲ್ಕು ರಟ್ಟಿನ ಚಾಕುಗಳು ಸಾಲಾಗಿ ಮಲಗಿದ್ದವು. ಮಾವ ನಾಲ್ಕು ಆಕಾರ ಕತ್ತರಿಸಿ ಇಟ್ಟಿದ್ದ. ಒಂದು ಚೂಪು ಮೊನೆಯದ್ದು. ಒಂದು ಮೊಂಡು ಮೂತಿಯದ್ದು, ಬಾಯಿ ನೇರ, ಬೆನ್ನು ಮಾತ್ರ ತುದಿಯಲ್ಲಿ ಬಾಗಿ ಕೆಳಗಿಳಿದದ್ದು. ಒಂದು ಗಿಳಿಯ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ್ದು. ಇನ್ನೊಂದು ಮಾವಿನೆಲೆಯ ಹಾಗೆ ಹೊಟ್ಟೆ ಉಬ್ಬಿದ್ದು. ಕತ್ತರಿಸಿದ ಕೆಲಸ ಚೊಕ್ಕ ಇತ್ತು, ಸುಳ್ಳು ಹೇಳಬಾರದು. ಆದರೆ ರಟ್ಟು ಎಲ್ಲಿಯದು? ಮೊನೆಯ ಚಾಕಿನ ಮೇಲೆ ನನ್ನದೇ ಅಕ್ಷರದಲ್ಲಿ "ಪಾಠ ಯೋಜ" ಎಂದಿತ್ತು, ಕೊಕ್ಕಿನ ಚಾಕಿನ ಮೇಲೆ "ನೆ" ಎಂದಿತ್ತು. ಎರಡು ವರ್ಷ ಕಣ್ಣಿನ ಹಾಗೆ ಕಾಪಾಡಿದ್ದ ನನ್ನ ಟ್ರೇನಿಂಗಿನ ಪುಸ್ತಕದ ರಟ್ಟು!

ನಾನು ಕೂಗಾಡಿದೆ. ಅವನು ಕೇಳಿಸಿಕೊಂಡ. ಕೂಗಾಟ ಮುಗಿದ ಮೇಲೆ, "ಇವತ್ತು ಕೊಕ್ಕಿಂದು ಸೊಂಟಕ್ಕೆ ಸಿಕ್ಕಿಸ್ಕೋ. ಸಂಜೆಗೆ ಹೇಂಗಾತು ಹೇಳು" ಎಂದ.

ನಾಲ್ಕು ದಿನ ನಾನು ರಟ್ಟಿನ ಚಾಕು ಸಿಕ್ಕಿಸಿಕೊಂಡು ತಿರುಗಿದ್ದೇನೆ ಎಂದರೆ ನೀವು ನಂಬುತ್ತೀರಾ? ಹೌದು, ತಿರುಗಿದ್ದೇನೆ. ಮತ್ತೇನು ಮಾಡುವುದು, ಅವನ ಹ್ಞೂಂ ಬೇಕಿತ್ತಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕರು. ಒಬ್ಬಳು, "ಮಾಸ್ತರಿಣಿಬಾಯಿ, ನಮ್ಮ ಕೊಡಪಾನ ಕೊಯ್ದು ಹಾಕ್ಬೇಡಿ" ಎಂದಳು. ಸಂಜೆ ಮಾವ ಕೇಳುತ್ತಿದ್ದ, ಹೇಂಗಾತು ಎಂದು.

"ರಟ್ಟಿನ ಹಾಂಗಾತು" ಎನ್ನುತ್ತಿದ್ದೆ.

"ಕೊಕ್ಕಿಗೂ ಎಲೆಗೂ ಫರಕು ಗೊತ್ತಾಗ್ಲಿಲ್ಯಾ?"

"ಎರಡೂ ಬೆವರಿಗೆ ಮೆತ್ತಗಾತು."

"ನಿಂಗೆ ಲಕ್ಷ್ಯ ಇಲ್ಲ" ಎಂದು ಅವನು ಮುಖ ತಿರುಗಿಸುತ್ತಿದ್ದ. ಲಕ್ಷ್ಯ ಇಲ್ಲವಂತೆ! ನನ್ನ ಲಕ್ಷ್ಯವೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಇತ್ತು. ಹದಿನೈದರಲ್ಲಿ ಐದು ದಿನ ಹೋಗಿತ್ತು.

ಆಯಿಗೆ ನನ್ನ ಮುಖ ನೋಡಿ ಕನಿಕರ ಬಂತು. "ಅಣ್ಣಾ, ನಿನ್ನ ಕಿಸೆಲಿ ಇಪ್ಪುದರ ಹಾಂಗೇ ಒಂದು ಮಾಡ್ಸಿ ಕೊಡು. ಮುಗೀತಲ್ಲ" ಎಂದಳು. ಮಾವನಿಗೆ ಅವನದ್ದೇ ಒಂದು ಚಾಕಿತ್ತು. ಮೂವತ್ತು ವರ್ಷ ಬೋಟಿನಲ್ಲಿ ಜೊತೆಗಿದ್ದದ್ದು. ಸಾಣೆ ಹಿಡಿದು ಹಿಡಿದು ಅಲಗು ಸವೆದು ತೆಳ್ಳಗಾಗಿತ್ತು, ಮೊನೆ ಯಾವಾಗಲೋ ಮುರಿದು ಅಲ್ಲೇ ಉರುಟಾಗಿತ್ತು. ಅವನು ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನನಗಂತೂ ಅದರ ಕಡೆ ನೋಡಲೂ ಬಿಡುತ್ತಿರಲಿಲ್ಲ.

"ಅದು ಮಾಡ್ಸಿದ್ದಲ್ಲ, ಆದದ್ದು. ಹಾಂಗಿದ್ದದ್ದನ್ನ ಯಾವ ಆಚಾರಿಯೂ ಮಾಡೂಕಾಗೂದಿಲ್ಲ" ಎಂದ ಮಾವ.

ಆರನೆಯ ದಿನ ನಾವಿಬ್ಬರೂ ಕುಮಟೆಯ ಆಚಾರಿಯ ಕುಲುಮೆಗೆ ಹೋದೆವು. ಆ ಆಚಾರಿ ಕತ್ತಿ, ಕುಡುಗೋಲು, ಬೋಟಿನ ಮೊಳೆ ಎಲ್ಲ ಮಾಡುವವರು, ನಿಧಾನದ ಮನುಷ್ಯ. ಮಾವ ನಾಲ್ಕು ರಟ್ಟುಗಳನ್ನು ಅಡಿಗಲ್ಲಿನ ಮೇಲೆ ಹರಡಿದ. ಆಚಾರಿ ಅವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ತಿದಿ ಒತ್ತಲು ಕೂತರು. ಮಾವನ ಪರಿಚಯ ಅವರಿಗೆ ಹಳೆಯದು.

ಮೊದಲು ಕೊಕ್ಕಿನದ್ದು ತಯಾರಾಯಿತು. ಅದಕ್ಕೆ ಒಂದು ದಿನ. ಹುರಿಯನ್ನು ಎಳೆದರೆ ಸಾಕು, ಕಚಕ್ಕನೆ ತುಂಡು. ಮಾವನ ಮುಖ ಅರಳಿತು. ಬಂಗಡೆ ಮೀನು ಕೊಯ್ದು ನೋಡಿದ, ಹೊಟ್ಟೆಯೊಳಗೆ ಸಿಕ್ಕಿಕೊಂಡಿತು. ಆಗಲಿಲ್ಲ. ಎಲೆಯದ್ದು ತಯಾರಾಯಿತು. ಅದಕ್ಕೆ ಇನ್ನೊಂದು ದಿನ. ಮೀನು ಬೆಣ್ಣೆಯ ಹಾಗೆ ಕೊಯ್ಯಿತು, ಹುರಿಯ ಮೇಲೆ ಜಾರಿತು. ಆಗಲಿಲ್ಲ. ಶಾಲೆಯಲ್ಲಿ ನಾನು ಮಕ್ಕಳಿಗೆ ಅಕ್ಷರ ಕಲಿಸುವವಳೋ, ಬಂಗಡೆ ಕೊಯ್ಯುವವಳೋ? ಹಾಗೆಂದು ಕೇಳಿಯೂ ಕೇಳಿದೆ. "ಸಂಜೆ ಉಣ್ಣೂದಿಲ್ಯಾ?" ಎಂದ.

ಚೂಪು ಮೊನೆಯದ್ದು ಬಂದಾಗ ನನಗೆ ಜೀವ ಬಂತು. ಹುರಿ ಕತ್ತರಿಸಿತು, ಮೀನು ಕೊಯ್ಯಿತು, ಪೆನ್ಸಿಲ್ ಹೆರೆಯಿತು, ಲಿಂಬೆಹಣ್ಣಿನ ಬೀಜವನ್ನು ಒಂದೊಂದಾಗಿ ಹೊರತೆಗೆಯಿತು. ಆಚಾರಿಯೇ ತಲೆ ಆಡಿಸಿದರು. ಮಾವ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಬ್ಯಾಡ" ಎಂದ. "ನೀ ಸಿಟ್ಟಿನವ್ಳು. ಸಿಟ್ಟು ಬಂದಾಗ ಈ ಮೊನೆ ಯಾರ ಬದಿಗೆ ತಿರಗ್ತದೆ ಹೇಳೂಕಾಗೂದಿಲ್ಲ."

"ನಾ ಹೇಳ್ತೆ. ಈಗ ನಿನ್ನ ಬದಿಗೇ ತಿರಗ್ತದೆ" ಎಂದೆ.

ಆಚಾರಿ ಸುತ್ತಿಗೆ ಕೆಳಗಿಟ್ಟರು. "ತಾಂಡೇಲ್ರೇ, ನನ್ನ ಮಗ್ಳಿಗೆ ಗಂಡು ಹುಡ್ಕೂಕೂ ನಾ ಇಷ್ಟು ದಿನ ತಕಂಡಿಲ್ಲ."

"ಗಂಡು ಸರಿ ಆಗ್ದಿದ್ರೆ ಬಿಟ್ಟು ಬರ್ಲಕ್ಕು ಆಚಾರ್ರೇ. ಚಾಕು ಸರಿ ಆಗ್ದಿದ್ರೆ ಬೆರಳು ಹೋತದೆ" ಎಂದ ಮಾವ. ಆಚಾರಿಯ ಹೆಂಡತಿ ಒಳಗಿನಿಂದ "ಹೌದು ಮತ್ತೆ" ಎಂದದ್ದು ಕೇಳಿಸಿತು. ಗಂಡುಗಳ ವಿಷಯಕ್ಕೋ ಬೆರಳುಗಳ ವಿಷಯಕ್ಕೋ ಗೊತ್ತಾಗಲಿಲ್ಲ. ಆಚಾರಿ ಮೂರೂ ಚಾಕುಗಳನ್ನು ತಮ್ಮಲ್ಲೇ ಇಟ್ಟುಕೊಂಡು, ನಾಲ್ಕನೆಯದನ್ನು ಮಾಡುವುದಿಲ್ಲ ಎಂದು ಸೀದಾ ಹೇಳಿ ಒಳಗೆ ಹೋದರು. ಅಷ್ಟರಲ್ಲಿ ಹತ್ತು ದಿನ ಮುಗಿದಿತ್ತು.

ಇನ್ನು ಉಳಿದದ್ದು ಮೊಂಡು ಮೂತಿಯದ್ದು. ಅದನ್ನು ಭಟ್ಕಳದ ಪೇಟೆಯಲ್ಲಿ ನೋಡೋಣ ಎಂದು ಮಾವ ಹೊರಟ. ಆಗ ದುಬೈಗೆ ಹೋದವರು ಕಳುಹಿಸುವ ಸಾಮಾನು ಭಟ್ಕಳದ ಅಂಗಡಿಗಳಲ್ಲಿ ಬಂದು ಬೀಳುತ್ತಿತ್ತು. ಅಲ್ಲಿ ಸಿಗದ ಚಾಕು ಲೋಕದಲ್ಲಿ ಎಲ್ಲೂ ಸಿಗದು ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಹದಿಮೂರನೆಯ ದಿನ ಹೊರಟೆವು. ನಡುವಿನ ಎರಡು ದಿನ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುವುದರಲ್ಲಿ ಕಳೆಯಿತು. ತಿಕ್ಕಿದವಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಹೊನ್ನಾವರದ ಹೊಳೆಗೆ ಸೇತುವೆ ಆಗುವ ಮೊದಲಿನ ಮಾತು ಇದು. ಬಸ್ಸು ಇಳಿದು, ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಲಾಂಚಿನಲ್ಲಿ ಮಾವಿನಕುರ್ವೆಯ ಒಬ್ಬರು ಸಿಕ್ಕರು, ಮಾವನ ಜೊತೆ ಬೋಟಿನಲ್ಲಿ ದುಡಿದವರು. ಮಾವ ಅವರಿಗೆ ನಾಲ್ಕೂ ರಟ್ಟು ತೋರಿಸಿದ. ಹೌದು, ಅವನ್ನು ಕಿಸೆಯಲ್ಲಿ ಇಟ್ಟುಕೊಂಡೇ ಬಂದಿದ್ದ!

"ಮೊಂಡಿಂದೇ ಸರಿ" ಎಂದರು ಅವರು. "ಬೋಟು ಹೊಯ್ದಾಡಿದ್ರೆ ಮೊನೆ ಇದ್ದದ್ದು ಯಾರ್ಗಾರೂ ಹೆಟ್ತದೆ. ಮೊಂಡಿಂದು ಹೆಟ್ಟೂದಿಲ್ಲ."

ಮಾವ ಲಾಂಚಿನ ನಡುವೆ ಎದ್ದು ನಿಂತ. ಒಂದು ಕೈಯಲ್ಲಿ ರಟ್ಟಿನ ಚಾಕು ಹಿಡಿದು, ತೆರೆಗಳಿಗೆ ಸರಿಯಾಗಿ ತೂಗಾಡುತ್ತ, ಕಾಣದ ಹಗ್ಗ ಒಂದನ್ನು ಕೊಯ್ಯತೊಡಗಿದ. ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಬುಟ್ಟಿ ಎಳೆದುಕೊಂಡು ದೂರ ಸರಿದಳು. ಮಾವಿನಕುರ್ವೆಯ ಆ ಗೆಳೆಯರಿಗೇ ನಾಚಿಕೆಯಾಗಿ, "ಮಾರಾಯ, ಹುಡ್ಗಿ ಶಾಲೆಗೆ ಹೋಗೂದು, ಬೋಟಿಗಲ್ಲ" ಎಂದರು.

ಮಾವ ಕೂತ. "ಅದೂ ಹೌದು. ಶಾಲೆ ಹೊಯ್ದಾಡೂದಿಲ್ಲ" ಎಂದ. ಮೊಂಡು ಮೂತಿಯದ್ದೂ ಅಲ್ಲಿಗೆ ಮುಗಿಯಿತು.

ಹಾಗಾದರೆ ಭಟ್ಕಳಕ್ಕೆ ಯಾಕೆ ಹೋಗುವುದು? ಹೊರಟದ್ದಾಯಿತಲ್ಲ ಎಂದ. ಬಸ್ಸು ಕಾಯ್ಕಿಣಿಗೆ ಹೋಗುವ ದಾರಿಯ ಕೈಮರದ ಹತ್ತಿರ ನಿಂತಿತು. ಇಬ್ಬರು ಇಳಿದರು. ನನ್ನ ಶಾಲೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಆದೇಶದ ಕಾಗದ ನನ್ನ ಚೀಲದಲ್ಲೇ ಇತ್ತು. ಇಳಿದು ಓಡಬೇಕು ಅನ್ನಿಸಿತು. ಪಕ್ಕದಲ್ಲಿ ನಾಲ್ಕು ರಟ್ಟಿನ ತುಂಡುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹಿಡಿದು ಕೂತ ಈ ಮನುಷ್ಯನನ್ನು ನೋಡಿದೆ. ಚೀಲವನ್ನು ಮಡಿಲಿಗೆ ಎಳೆದುಕೊಂಡು ಕೂತೇ ಇದ್ದೆ. ಬಸ್ಸು ಹೊರಟಿತು. ನನಗೆ ಅಳು ಬಂತು, ಸಿಟ್ಟಿನ ಅಳು.

ಭಟ್ಕಳದ ಅಂಗಡಿಯ ಸಾಹೇಬರು ಒಳ್ಳೆಯವರು. ಕುರ್ಚಿ ಕೊಟ್ಟು, ಚಾ ತರಿಸಿ, ಕತೆಯನ್ನೆಲ್ಲ ಕೇಳಿ, ಗಾಜಿನ ಪೆಟ್ಟಿಗೆಯಿಂದ ಒಂದು ಚಾಕು ತೆಗೆದರು. ಒಂದೇ ಹಿಡಿಯಲ್ಲಿ ಆರು ಅಲಗು! ಚೂಪಿನದ್ದು, ಮೊಂಡಿನದ್ದು, ಕೊಕ್ಕಿನದ್ದು, ಎಲೆಯದ್ದು, ಮೇಲಿಂದ ಒಂದು ಗರಗಸ, ಒಂದು ಡಬ್ಬಿ ತೆರೆಯುವುದು. ದೇವರು ಇದ್ದಾನೆ ಎಂದುಕೊಂಡೆ. ಯಾವುದು ಎಂಬ ಪ್ರಶ್ನೆಯೇ ಇಲ್ಲದ ಚಾಕು ಅದು.

"ಲೀಜಿಯೇ ತಾಂಡೇಲ್, ಎಲ್ಲಾ ಇದೆ ಇದ್ರಲ್ಲಿ" ಎಂದು ಸಾಹೇಬರು ಪ್ರೀತಿಯಿಂದ ಅದನ್ನು ಮಾವನ ಕೈಗೇ ನೀಡಿದರು.

ಮಾವ ಕುರ್ಚಿಸಮೇತ ಹಿಂದೆ ಹಾರಿದ. ಚಾಕು ಚಾದ ಲೋಟದೊಳಗೆ ಬಿತ್ತು. ಲೋಟ ಸಾಹೇಬರ ಬಿಳಿಯ ಅಂಗಿಯ ಮೇಲೆ ಬಿತ್ತು.

"ಕೈಗೆ ಕೊಡ್ತ್ರಾ ಸಾಯ್ಬ್ರೇ? ನಾ ನಿಮಗೆ ಎಂತಾ ಮಾಡಿದ್ದೆ? ಗುರುತಿಲ್ಲದವ್ರ ಸಂಗ್ತಿಗೆ ಮುಗಿಯದ ಜಗಳ ಕಟ್ಕಂಡು ನಾ ದಿನಾ ಇಲ್ಲಿಗೆ ಬರೂಕಾಗ್ತದ್ಯಾ?" ಎಂದು ಮಾವ ಗದರಿದ. ಜಗಳ ಆಗಬಾರದೆಂದು ಆಮೇಲೆ ಇಬ್ಬರೂ ಒಂದು ಗಂಟೆ ಜಗಳ ಮಾಡಿದರು. ಕೊನೆಗೆ ಸಾಹೇಬರು ಚಾಕನ್ನು ಒರೆಸಿ ಮೇಜಿನ ಮೇಲೆ ಇಟ್ಟರು. ಮಾವ ಎತ್ತಿಕೊಂಡು, ಆರೂ ಅಲಗನ್ನು ಬಿಡಿಸಿ, ಮಡಚಿ, ತಿರುಗಿ ಇಟ್ಟ. "ಇದ್ರಲ್ಲಿ ಬೇಕಾದದ್ದು ಹುಡ್ಕೂದ್ರೊಳಗೆ ಮೀನು ಕೊಳೀತದೆ" ಎಂದು ಎದ್ದ.

ವಾಪಸು ಬರುವಾಗ ಅದೇ ಕೈಮರದ ಹತ್ತಿರ ಬಸ್ಸು ಮತ್ತೊಮ್ಮೆ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಮಾವ ಚಾ ಕುಡಿಯುತ್ತ, "ಕೊಕ್ಕಿಂದನ್ನ ಸ್ವಲ್ಪ ನೇರ ಮಾಡಿದ್ರೆ ಹೇಂಗೆ?" ಎಂದ. ನಾನು ಕೈಯಲ್ಲಿದ್ದ ಲೋಟವನ್ನು ಅಂಗಳಕ್ಕೆ ಎಸೆದೆ.

"ನಿಂಗೆ ನನ್ನ ಕಳ್ಸೂಕೆ ಮನಸ್ಸಿಲ್ಲ" ಎಂದೆ. "ಹಾಂಗೆ ಹೇಳು. ಬಾಯಿಬಿಟ್ಟು ಹೇಳು. ಚಾಕಿನ ಹಿಂದೆ ಎಂತಕ್ಕೆ ಅಡಗ್ತಿ? ನಾಳೆ ಸಂಜೆಗೆ ನನ್ನ ನೌಕರಿ ಹೋತದೆ. ನಾ ಇಲ್ಲೇ ಕೂತು ಸಾಯೂವರೆಗೆ ನಿಂಗೆ ಚಾ ಮಾಡ್ಬೇಕು, ನೀ ಸಕ್ಕರೆ ಹೆಚ್ಚಾತು ಅನ್ಬೇಕು. ಅಷ್ಟೇ ಅಲ್ದಾ ನಿಂಗೆ ಬೇಕಾದದ್ದು?"

ನಾನು ಉತ್ತರಕ್ಕೆ ತಯಾರಾಗಿ ಸೊಂಟಕ್ಕೆ ಕೈಯಿಟ್ಟು ನಿಂತೆ. ನನ್ನ ಬದುಕಿನಲ್ಲಿ ಮೊದಲ ಸಲ ಮಾವನಿಂದ ಉತ್ತರ ಬರಲಿಲ್ಲ. ಅವನು ಉಳಿದ ಚಾ ಕುಡಿದು ಮುಗಿಸಿ, ಸಕ್ಕರೆಯ ಸುದ್ದಿ ಎತ್ತದೆ, ಲೋಟವನ್ನು ತಾನೇ ತೊಳೆದು ಇಟ್ಟ. ಆಯಿ ಹೆದರಿದಳು. "ಅಣ್ಣಾ, ಜ್ವರ ಬಂದದ್ಯಾ?" ಎಂದು ಹಣೆ ಮುಟ್ಟಲು ಹೋದಳು. ಅವನು ಅಂಗಿ ಹಾಕಿಕೊಂಡು, ಕೊಡೆ ಹಿಡಿದು, ಬಸ್ಸಿಗೆ ನಡೆದ. ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ಬಂದು, ಯಾಕೆ ಇವತ್ತು ಇಷ್ಟಕ್ಕೇ ನಿಂತಿತು ಎಂದು ವಿಚಾರಿಸಿದಳು.

ಮಾವ ಸಂಜೆ ಬಂದ. "ನಾಳೆ ಮೊದಲ ಬಸ್ಸಿಗೆ ಹೊರಡು. ಹೊಳೆವರೆಗೆ ನಾ ಬತ್ತೆ" ಎಂದ.

"ಚಾಕು?" ಎಂದಳು ಆಯಿ.

"ಆತು" ಎಂದ. ತೋರಿಸಲಿಲ್ಲ. ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ಎಲ್ಲಿ ರಟ್ಟು ಹೊರಗೆ ಬರುತ್ತದೋ ಎಂದು ನನಗೆ ಭಯ.

ಮರುದಿನ ತದಡಿಯಿಂದ ಹೊನ್ನಾವರದ ತನಕ ನಾವಿಬ್ಬರೂ ಒಂದು ಮಾತು ಆಡಲಿಲ್ಲ. ಬೆಳಗಿನ ಚಾಕ್ಕೆ ನಾನು ಬೇಕೆಂದೇ ಮೂರು ಚಮಚ ಸಕ್ಕರೆ ಹಾಕಿದ್ದೆ. ಅವನು ಸುಮ್ಮನೆ ಕುಡಿದಿದ್ದ. ಬಸ್ಸಿನಲ್ಲಿ ನನ್ನ ಟ್ರಂಕನ್ನು ಕಾಲಿನ ನಡುವೆ ಹಿಡಿದುಕೊಂಡು ಎದುರಿಗೇ ನೋಡುತ್ತಿದ್ದ. ಆ ಮೌನಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹದಿನಾಲ್ಕು ದಿನ ಪೀಡಿಸಿ, ಹೊರಡುವ ದಿನ ಒಳ್ಳೆಯವನಾದರೆ ನಾನು ಏನು ಮಾಡಬೇಕು?

ಲಾಂಚು ಹೊರಡಲು ತಯಾರಾಗಿತ್ತು. ನಾನು ಟ್ರಂಕಿನ ಜೊತೆ ಹತ್ತಿ ಅಂಚಿನಲ್ಲಿ ನಿಂತೆ. ಮಾವ ದಡದ ಧಕ್ಕೆಯ ಕಟ್ಟೆ ಮೇಲೆ ನಿಂತವನು ಕಿಸೆಗೆ ಕೈಹಾಕಿ ಚಾಕು ತೆಗೆದ.

ನೋಡಿದ ಕೂಡಲೇ ಗುರುತಾಯಿತು. ಮೂವತ್ತು ವರ್ಷ ಸವೆದ ಅದೇ ಅಲಗು. ನಾಲ್ಕು ರಟ್ಟುಗಳಲ್ಲಿ ಯಾವುದೂ ಅಲ್ಲದ್ದು. ಹಿಡಿ ಮಾತ್ರ ಹೊಸತು. ಅವನ ದೊಡ್ಡ ಕೈಗೆ ಇದ್ದ ಹಳೆಯ ಹಿಡಿಯನ್ನು ತೆಗೆಸಿ, ಹಲಸಿನ ಮರದಲ್ಲಿ ಸಣ್ಣದು ಕೂರಿಸಿದ್ದ, ನನ್ನ ಅಂಗೈಯ ಅಳತೆಗೆ. ಆಚಾರಿ ಒಂದು ದಿನ ಇಡೀ ಅವನ ಬೈಗುಳ ಕೇಳಿಕೊಂಡು ಅದನ್ನು ಮಾಡಿಕೊಟ್ಟರಂತೆ. ಅದು ನನಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಅವನು ಚಾಕನ್ನು ಮಡಚಿ ನನ್ನ ಕಡೆ ನೀಡಿದ. ನೆಲಕ್ಕೆ ಇಡಲಿಲ್ಲ, ಲಾಂಚಿನ ಹಲಗೆಯ ಮೇಲೂ ಇಡಲಿಲ್ಲ. ಕೈ ಚಾಚಿ ಹಾಗೇ ಹಿಡಿದಿದ್ದ.

"ಕೆಳಗಿಡು ಮಾವಾ" ಎಂದೆ.

"ತಕಾ" ಎಂದ.

"ಕೈಯಿಂದ ಕೈಗೆ ತಕಂಡ್ರೆ ಜಗಳ ಆಗ್ತದೆ."

"ಆಗ್ಲಿ."

"ಮುಗಿಯೂದಿಲ್ಲ ಅಂತ ನೀನೇ ಹೇಳಿದ್ದು. ಸತ್ತ ಮೇಲೂ ಮುಗಿಯೂದಿಲ್ಲ ಅಂತ."

"ಅದಕ್ಕೇ ಕೊಡೂದು" ಎಂದ. ಅವನ ಕಣ್ಣು ಹೊಳೆಯ ಕಡೆಗಿತ್ತು. "ಜಗಳ ಮಾಡೂಕಾರೂ ಬತ್ತಿ ಅಲ್ದಾ."

ಲಾಂಚಿನವ ಹಗ್ಗ ಬಿಚ್ಚಿದ. ನಾನು ಕೈ ಚಾಚಿ ಅವನ ಕೈಯಿಂದಲೇ ತೆಗೆದುಕೊಂಡೆ. ಚಾಕು ಅವನ ಕಿಸೆಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಲಾಂಚು ಸರಿಯಿತು. ನಾಲ್ಕು ಮಾರು ನೀರು ನಡುವೆ ಬಂದದ್ದೇ ತಡ, ಅವನಿಗೆ ಸ್ವರ ಬಂತು.

"ಉಪ್ಪುನೀರು ತಾಗ್ಸಬೇಡ, ತುಕ್ಕು ಹಿಡೀತದೆ" ಎಂದು ಕೂಗಿದ.

"ನಂಗೆ ಗೊತ್ತದೆ" ಎಂದು ನಾನೂ ಕೂಗಿದೆ.

"ಎಂತಾ ಗೊತ್ತದೆ ನಿಂಗೆ? ಚಾಕ್ಕೆ ಸಕ್ಕರೆ ಹಾಕೂಕೆ ಗೊತ್ತಿಲ್ಲ, ಮೂರು ಚಮಚ ಹಾಕಿದ್ಯಲ್ಲ ಇವತ್ತು."

"ಕುಡಿಯೂವಾಗ ಎಂತಕ್ಕೆ ಸುಮ್ನಿದ್ದೆ?"

ನಡು ಹೊಳೆಯ ತನಕ ಹೀಗೆ ನಡೆಯಿತು. ಲಾಂಚಿನ ಜನ ಒಮ್ಮೆ ಧಕ್ಕೆಯ ಕಡೆ, ಒಮ್ಮೆ ನನ್ನ ಕಡೆ ಕತ್ತು ತಿರುಗಿಸುತ್ತಿದ್ದರು. ಆಮೇಲೆ ಅವನ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು, ಏನು ಹೇಳುತ್ತಿದ್ದಾನೆಂದು ಕೇಳುತ್ತಿರಲಿಲ್ಲ. ನಾನು ಅಳುತ್ತಿದ್ದೆ, ಕೂಗುವುದನ್ನೂ ಬಿಟ್ಟಿರಲಿಲ್ಲ. ಅವನ ಕೊನೆಯ ಮಾತು ಏನಿತ್ತೆಂದು ತಿಳಿದುಕೊಳ್ಳಲು ಮುಂದಿನ ಶನಿವಾರ ಶಾಲೆ ಬಿಟ್ಟ ಕೂಡಲೇ ತದಡಿಗೆ ಓಡಿಬಂದೆ. ಆಮೇಲೂ ಅಷ್ಟೇ, ಮದುವೆಯಾದ ಮೇಲೂ ಅಷ್ಟೇ. ಒಂದಲ್ಲ ಒಂದು ಜಗಳ ಅರ್ಧಕ್ಕೆ ನಿಂತಿರುತ್ತಿತ್ತು, ಅದನ್ನು ಮುಗಿಸಲು ಹೋಗಲೇಬೇಕಾಗುತ್ತಿತ್ತು.

ಮಾವ ಹೋಗಿ ಬಹಳ ವರ್ಷ ಆಯಿತು. ಚಾಕು ನನ್ನ ಹತ್ತಿರ ಇದೆ, ಅಲಗು ಇನ್ನಷ್ಟು ತೆಳ್ಳಗಾಗಿದೆ. ಇವತ್ತು ಬೆಳಿಗ್ಗೆ ಅದರಲ್ಲಿ ಲಿಂಬೆಹಣ್ಣು ಕೊಯ್ಯುವಾಗ ಸ್ವಲ್ಪ ಜಾರಿತು. "ಹದಿನೈದು ದಿನ ತಕಂಡು ಇಂಥದ್ದು ಕೊಟ್ಯಲ್ಲ ಮಾವಾ" ಎಂದು ಗಟ್ಟಿಯಾಗಿಯೇ ಹೇಳಿದೆ. ಗಂಡ ಹೊರಗಿನಿಂದ, "ಯಾರ ಹತ್ತಿರ ಜಗಳ?" ಎಂದು ಕೇಳಿದರು. ನಾನು ಚಾಕನ್ನು ಒರೆಸಿ, ಲಿಂಬೆಹಣ್ಣಿನ ಇನ್ನೊಂದು ಹೋಳನ್ನೂ ಅದರಲ್ಲೇ ಕೊಯ್ದೆ. ಮಾತಾಡಿದರೆ ಮಾವ ಈಗ ಉತ್ತರವನ್ನೇ ಕೊಡುವುದಿಲ್ಲ, ಅದಕ್ಕೆ ನನಗೆ ಇನ್ನೂ ಸಿಟ್ಟು ಬರುತ್ತದೆ.